5.9 ಕಮಿನ್ಸ್ ಪಿಕಪ್‌ಗೆ 450 ಎಚ್‌ಪಿ: ದಿನಾ ಓಡಿಸೋ ಗಾಡಿ ಕೈಕೊಡದಂತೆ ಶಕ್ತಿ ಏರಿಸುವ ಕ್ರಮ

ಎಂಜಿನ್ ಕಂಪ್ಯೂಟರ್ ತಿದ್ದಿ ಶಕ್ತಿ ಏರಿಸುವ ಟ್ಯೂನರ್ ಹಾಕಿದ ಮೊದಲ ವಾರ ಗಾಡಿ ಹಾರುತ್ತದೆ. ಆಮೇಲೊಂದು ದಿನ ಟ್ರೇಲರ್ ಕಟ್ಟಿಕೊಂಡು ಏರು ಹತ್ತಿಸುವಾಗ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಗೇರ್‌ಬಾಕ್ಸ್ ಹೋಯಿತು ಅಂತ ಗೊತ್ತಾಗುವುದು ಆಗಲೇ. ಡಾಡ್ಜ್ ರಾಮ್ 2500 ಮತ್ತು 3500 ಪಿಕಪ್‌ಗಳಲ್ಲಿ 2003ರಿಂದ 2007ರವರೆಗೆ ಬಂದ 5.9 ಲೀಟರ್ ಕಮಿನ್ಸ್ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ) ಎಂಜಿನ್ ಇಟ್ಟುಕೊಂಡವರು ಮತ್ತೆ ಮತ್ತೆ ಎಡವುವುದು ಇಲ್ಲೇ. ಎಂಜಿನ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದರೆ ಆ ಗಟ್ಟಿ ಎಂಜಿನ್ ತನ್ನ ಹಿಂದೆ ಇರುವುದನ್ನೆಲ್ಲ ಮುರಿದು ಹಾಕುತ್ತದೆ.

ಈ ಬರಹ ಅಮೆರಿಕ, ಕೆನಡಾಗಳಲ್ಲಿ ಇಂಥ ಹಳೇ ರಾಮ್ ಕೊಂಡ ನಮ್ಮವರಿಗೆ. ಸೋಮವಾರ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಬೇಕು, ಶನಿವಾರ ಅದರ ಹಿಂದೆ ದೋಣಿಯೋ ಕ್ಯಾಂಪಿಂಗ್ ಟ್ರೇಲರೋ ಕಟ್ಟಬೇಕು ಅನ್ನುವವರಿಗೆ. ರೇಸಿಗೆ ಬಿಡುವ ಗಾಡಿಯ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕಾರ್ಖಾನೆಯಿಂದ ಬಂದ ಎಮಿಷನ್ (ಹೊಗೆ ನಿಯಂತ್ರಣದ) ಸಾಮಾನನ್ನು ಕಿತ್ತು ಹಾಕುವಂತಿಲ್ಲ, ಅದು ಕೆಲಸ ಮಾಡದಂತೆ ಮಾಡುವ ಟ್ಯೂನ್ ಕೂಡ ಹಾಕುವಂತಿಲ್ಲ. ನಿಮ್ಮ ಗಾಡಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿದ್ದರೆ ಅದು ಇದ್ದಲ್ಲೇ ಇರಲಿ. ಕ್ಯಾಲಿಫೋರ್ನಿಯಾದಲ್ಲಿ 1998 ಮತ್ತು ಆಮೇಲಿನ ಡೀಸೆಲ್ ಪಿಕಪ್‌ಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇದೆ; ಅಲ್ಲಿ ಕಾರ್ಬ್, ಅಂದರೆ ಆ ರಾಜ್ಯದ ವಾಯು ಮಂಡಳಿ, ಕೊಟ್ಟ ಇಒ ನಂಬರ್ (ಅನುಮತಿ ಸಂಖ್ಯೆ) ಇರುವ ಸಾಮಾನನ್ನೇ ಹುಡುಕಿ ಕೊಳ್ಳಿ. ಇದನ್ನು ಓದಿ ಬೆಂಗಳೂರಿನಲ್ಲಿ ತಮ್ಮ ಪಿಕಪ್‌ಗೆ ಕೈ ಹಾಕಲು ಹೊರಟವರು ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿಕೊಳ್ಳಿ. ಅಲ್ಲಿ ಇದಕ್ಕೆಲ್ಲ ದಾರಿ ತುಂಬಾ ಕಿರಿದು.

## ಬೇಕಾಗುವ ಉಪಕರಣ

ಎರಡು ಟಾರ್ಕ್ ವ್ರೆಂಚ್ ಬೇಕು: ದೊಡ್ಡ ಬೋಲ್ಟ್‌ಗೆ ಒಂದು, ಇಂಜೆಕ್ಟರ್‌ನಂಥ ನಾಜೂಕು ಕೆಲಸಕ್ಕೆ ಇಂಚ್-ಪೌಂಡ್‌ನಲ್ಲಿ ಅಳೆಯುವ ಚಿಕ್ಕದು ಒಂದು. ಫೀಲರ್ ಗೇಜ್, ಡ್ರಿಲ್, ಟ್ಯಾಪ್ ಸೆಟ್, ಏರ್ ಕಂಪ್ರೆಸರ್, ಗಟ್ಟಿ ಜ್ಯಾಕ್ ಸ್ಟ್ಯಾಂಡ್ ಇರಲಿ. ಇವೆಲ್ಲಕ್ಕಿಂತ ಮುಖ್ಯ, ಓಡುವಾಗ ಡೇಟಾ ದಾಖಲಿಸಬಲ್ಲ ಸ್ಕ್ಯಾನರ್. ಬರೀ ಕೋಡ್ ಓದುವ ಅಗ್ಗದ ಡಬ್ಬಿ ಸಾಲದು. ಎಂಜಿನ್ ಕಂಪ್ಯೂಟರ್ ರೈಲ್ ಪ್ರೆಷರ್ ಎಷ್ಟು ಕೇಳಿದೆ, ಎಷ್ಟು ಸಿಕ್ಕಿದೆ ಅಂತ ಎರಡನ್ನೂ ತೋರಿಸಬೇಕು.

ಊರಲ್ಲಿ ಟ್ರ್ಯಾಕ್ಟರ್‌ನ ನಾಸಲ್ ಪೈಪಿನ ನಟ್ ಸಡಿಲಿಸಿ, ಎಂಜಿನ್ ತಿರುಗಿಸಿ, ಏರ್ ತೆಗೆದು ರೂಢಿ ಇರುವವರಿಗೆ ಒಂದು ಎಚ್ಚರಿಕೆ. ಇಲ್ಲಿ ಹಾಗೆ ಮಾಡಲೇಬೇಡಿ. ಕಾಮನ್ ರೈಲ್‌ನಲ್ಲಿ ಒತ್ತಡ 23,000 ಪಿಎಸ್‌ಐವರೆಗೆ ಹೋಗುತ್ತದೆ. ಆ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ, ಒಳಗೆ ಬೆರಳೇ ಹೋಗಬಹುದು. ಅಂಥದ್ದು ಆದರೆ ನೋವು ಇರಲಿ ಬಿಡಲಿ, ತಕ್ಷಣ ಆಸ್ಪತ್ರೆಗೆ ಹೋಗಿ.

## ಹಂತ 1: ಎಷ್ಟು ಎಚ್‌ಪಿ ಬೇಕು ಅಂತ ಬರೆದಿಡಿ

2003ರಲ್ಲಿ ಬಂದ ಹೈ ಔಟ್‌ಪುಟ್ ಎಂಜಿನ್ 305 ಎಚ್‌ಪಿ. 2004ರ ಮಧ್ಯದಿಂದ ಬಂದದ್ದು 325 ಎಚ್‌ಪಿ, 600 ಪೌಂಡ್-ಅಡಿ ಟಾರ್ಕ್. ಇವು ಎಂಜಿನ್ ಹತ್ತಿರ ಅಳೆದ ಲೆಕ್ಕ. ಆಟೋಮ್ಯಾಟಿಕ್ ಗಾಡಿಯನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹತ್ತಿಸಿದರೆ ಚಕ್ರದ ಹತ್ತಿರ ಅದರಲ್ಲಿ ಶೇ 15ರಿಂದ 20ರಷ್ಟು ಕಡಿಮೆಯೇ ಸಿಗುತ್ತದೆ. ಸಾಮಾನು ಮಾರುವವರು ಯಾವ ಲೆಕ್ಕ ಹೇಳುತ್ತಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಚಕ್ರದ ಲೆಕ್ಕ.

ದಿನಾ ಓಡಿಸುವ ಗಾಡಿಗೆ ನನ್ನ ಸಲಹೆ 450. ಇದಕ್ಕೆ ಕಾರಣ ಇದೆ. ಅಲ್ಲಿಯವರೆಗೆ ಮೂಲ ಕನೆಕ್ಟಿಂಗ್ ರಾಡ್, ಮೂಲ ಪಿಸ್ಟನ್, ಮೂಲ ಸಿಪಿ3 ಡೀಸೆಲ್ ಪಂಪ್ ಸಾಕಾಗುತ್ತವೆ. 500 ದಾಟಿ 550ರ ಹತ್ತಿರ ಹೋದಾಗ ಸಿಪಿ3 ಸುಸ್ತಾಗುತ್ತದೆ. 600 ಅಂದರೆ ಎರಡು ಟರ್ಬೊ, ದೊಡ್ಡ ಪಂಪ್, ಇನ್ನೂ ಗಟ್ಟಿ ಗೇರ್‌ಬಾಕ್ಸ್. ಆ ಕೊನೆಯ 150 ಎಚ್‌ಪಿಗೆ ಆಗುವ ಖರ್ಚು ಮೊದಲಿನ ಒಟ್ಟು ಖರ್ಚನ್ನೂ ಮೀರಬಹುದು. ಬಳಸುವುದು ತಿಂಗಳಿಗೆ ಹತ್ತು ಸೆಕೆಂಡ್, ಅಲ್ವಾ?

ಈ ಅಂಕಿ ಮಧ್ಯದಲ್ಲಿ ಬದಲಾದರೆ ಕೊಂಡ ಟರ್ಬೊ, ಇಂಜೆಕ್ಟರ್, ಕ್ಲಚ್ ಎಲ್ಲ ಎರಡೆರಡು ಸಲ ಕೊಳ್ಳಬೇಕಾಗುತ್ತದೆ. ಅದಕ್ಕೇ ಬರೆದಿಡಿ ಅಂದದ್ದು.

## ಹಂತ 2: ಈಗಿರುವ ಎಂಜಿನ್ ಆರೋಗ್ಯ ನೋಡಿ

ಹಳೇ ಗಾಡಿ, ಲಕ್ಷಗಟ್ಟಲೆ ಮೈಲಿ ಓಡಿರುತ್ತದೆ. ಸುಸ್ತಾದ ಎಂಜಿನ್‌ಗೆ ಶಕ್ತಿ ಏರಿಸಿದರೆ ಸಾಯುವ ದಿನ ಹತ್ತಿರ ಬರುತ್ತದೆ, ಅಷ್ಟೇ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಎರಡು ಮೂರು ಸೆಕೆಂಡಿಗೆ ಹಿಡಿಯಬೇಕು. ಸ್ಟಾರ್ಟರ್ ಜಾಸ್ತಿ ಹೊತ್ತು ತಿರುಗಿದರೆ ಇಂಜೆಕ್ಟರ್‌ಗಳು ಡೀಸೆಲ್ಲನ್ನು ಹಿಂದಕ್ಕೆ ಸೋರಿಸುತ್ತಿರಬಹುದು, ರೈಲ್‌ನಲ್ಲಿ ಒತ್ತಡ ಏರುತ್ತಿಲ್ಲ. ರಿಟರ್ನ್ ಫ್ಲೋ ಟೆಸ್ಟ್ ಮಾಡಿಸಿದರೆ ಯಾವ ಇಂಜೆಕ್ಟರ್ ಅಂತ ಗೊತ್ತಾಗುತ್ತದೆ.

ಗಾಡಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದೇ ತೂತಿನ ಮೇಲೆ ಬೋರಲು ಇಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ ರಿಂಗ್‌ಗಳ ಮೂಲಕ ಗಾಳಿ ಕೆಳಗಿಳಿಯುತ್ತಿದೆ ಅನ್ನುವ ಅನುಮಾನ ಪಡಬೇಕು. ಇದು ಒರಟು ಪರೀಕ್ಷೆ. ಅನುಮಾನ ಬಂದರೆ ಕಂಪ್ರೆಷನ್ ಟೆಸ್ಟ್ ಮಾಡಿಸದೆ ಮುಂದಕ್ಕೆ ಹೋಗಬೇಡಿ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ, ಜಾಸ್ತಿಯಾದರೆ ಯಾರೂ ಗಮನಿಸುವುದಿಲ್ಲ. ಜಾಸ್ತಿಯಾಗುವುದೇ ಹೆಚ್ಚು ಅಪಾಯ: ಇಂಜೆಕ್ಟರ್ ಸೋರಿ ಡೀಸೆಲ್ ಆಯಿಲ್‌ಗೆ ಸೇರುತ್ತಿದೆ. ಬಾಯಿ ತೆರೆದೇ ನಿಂತ ಒಂದು ಇಂಜೆಕ್ಟರ್ ಪಿಸ್ಟನ್‌ನ ತಲೆಯನ್ನೇ ಕರಗಿಸುತ್ತದೆ.

ವಾಲ್ವ್ ಕ್ಲಿಯರೆನ್ಸ್ ಕೂಡ ಈಗಲೇ ಹೊಂದಿಸಿ. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.010 ಇಂಚು, ಎಕ್ಸಾಸ್ಟ್ 0.020 ಇಂಚು. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಎರಡೂ ತುದಿಯ ಬೋಲ್ಟ್‌ಗಳನ್ನು ಟಾರ್ಚ್ ಹಿಡಿದು ನೋಡಿ. ಈ ಮ್ಯಾನಿಫೋಲ್ಡ್ ಬಿಸಿಗೆ ವರ್ಷಾನುಗಟ್ಟಲೆ ಸಿಕ್ಕಿ ಕುಗ್ಗುತ್ತದೆ, ತುದಿಯ ಬೋಲ್ಟ್ ಕತ್ತರಿಸುತ್ತದೆ. ಅಲ್ಲಿ ಕಪ್ಪು ಮಸಿ ಕಂಡರೆ ಗಾಳಿ ಸೋರುತ್ತಿದೆ.

ಮುಂದಿನ ಟ್ರ್ಯಾಕ್ ಬಾರ್, ಬಾಲ್ ಜಾಯಿಂಟ್, ಬ್ರೇಕ್, ಟೈರ್, ಪ್ರೊಪೆಲ್ಲರ್ ಶಾಫ್ಟಿನ ಯು-ಜಾಯಿಂಟ್ ಇವುಗಳನ್ನೂ ಒಮ್ಮೆ ಅಲುಗಿಸಿ ನೋಡಿ. ನಿಲ್ಲದ ಗಾಡಿಗೆ ಓಡುವ ಶಕ್ತಿ ಕೊಟ್ಟು ಪ್ರಯೋಜನ ಇಲ್ಲ.

## ಹಂತ 3: ಗೇಜ್ ಮೊದಲು, ಉಳಿದದ್ದು ಆಮೇಲೆ

ಕಾರ್ಖಾನೆಯ ಡ್ಯಾಶ್‌ಬೋರ್ಡ್‌ನಲ್ಲಿ ನಿಮಗೆ ಬೇಕಾದ ಯಾವ ಅಂಕಿಯೂ ಕಾಣುವುದಿಲ್ಲ. ನಾಲ್ಕು ಗೇಜ್ ಬೇಕು: ಇಜಿಟಿ, ಅಂದರೆ ಎಕ್ಸಾಸ್ಟ್ ಗಾಳಿಯ ಬಿಸಿ; ಟರ್ಬೊ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, 60 ಪಿಎಸ್‌ಐವರೆಗೆ ತೋರಿಸುವಂಥದ್ದು; ಡೀಸೆಲ್ ಪೂರೈಕೆಯ ಒತ್ತಡ; ಗೇರ್‌ಬಾಕ್ಸ್ ಆಯಿಲ್‌ನ ಬಿಸಿ.

ಇವುಗಳಲ್ಲಿ ಎಂಜಿನ್ನಿನ ಜೀವ ಉಳಿಸುವುದು ಇಜಿಟಿ. ಅದರ ಪ್ರೋಬ್ ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲೇ ಇರಬೇಕು. ಕೆಲವರು ಕೆಲಸ ಸುಲಭ ಅಂತ ಟರ್ಬೊ ಆದ ಮೇಲಿನ ಪೈಪಿಗೆ ಹಾಕುತ್ತಾರೆ. ಗಾಳಿ ಟರ್ಬೊ ದಾಟುವಷ್ಟರಲ್ಲಿ 200-300 ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಾಗಿರುತ್ತದೆ, ಅದೂ ಒಂದೊಂದು ಲೋಡಿಗೆ ಒಂದೊಂದು ಥರ. ಆ ಅಂಕಿ ನಂಬಿ ಓಡಿಸಿದರೆ ಪಿಸ್ಟನ್ ಹೋಗುತ್ತದೆ.

ಮ್ಯಾನಿಫೋಲ್ಡ್ ತೂತು ಮಾಡುವುದಕ್ಕೆ ಹೆದರಬೇಕಾಗಿಲ್ಲ, ಅವಸರ ಮಾತ್ರ ಬೇಡ. ಎಂಜಿನ್ ಪೂರ್ತಿ ಆರಿರಲಿ. ಡ್ರಿಲ್ ಬಿಟ್‌ಗೆ ದಪ್ಪಗೆ ಗ್ರೀಸ್ ಬಳಿಯಿರಿ. ಸ್ವಲ್ಪ ಕೊರೆಯಿರಿ, ಹೊರಗೆ ತೆಗೆಯಿರಿ, ಗ್ರೀಸಿಗೆ ಅಂಟಿದ ಬೀಡಿನ ಪುಡಿ ಒರೆಸಿ, ಮತ್ತೆ ಬಳಿದು ಮತ್ತೆ ಕೊರೆಯಿರಿ. ಬಿಟ್ ಒಳಗೆ ತೂರಿಕೊಳ್ಳುವ ಹೊತ್ತಿಗೆ ಕೈ ತುಂಬಾ ಹಗುರ ಇರಬೇಕು. ಟ್ಯಾಪ್ ಹಾಕುವಾಗಲೂ ಇದೇ ಕ್ರಮ. ಕೊನೆಗೆ ಸಣ್ಣ ಅಯಸ್ಕಾಂತದ ಕಡ್ಡಿ ಒಳಗೆ ಆಡಿಸಿ. ಒಂದು ಚೂರು ಉಳಿದರೂ ಅದು ನೇರ ಟರ್ಬೊ ರೆಕ್ಕೆಗೆ ಹೋಗಿ ಬಡಿಯುತ್ತದೆ. ಟರ್ಬೊ ಹೇಗೂ ಬದಲಿಸುತ್ತೀರಿ ಅಂತಾದರೆ ಅದನ್ನು ಬಿಚ್ಚಿದ ದಿನವೇ ತೂತು ಮಾಡುವುದು ಜಾಣತನ.

ಅಂಕಿ ನೆನಪಿಡಿ: ಏರಿನಲ್ಲಿ ಎಡೆಬಿಡದೆ ಎಳೆಯುವಾಗ 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 675 ಸೆಲ್ಸಿಯಸ್ ದಾಟಬಾರದು. 1,300 ಬಂದರೆ ಕಾಲು ತೆಗೆಯಿರಿ. ಓವರ್‌ಟೇಕ್ ಮಾಡುವ ನಾಲ್ಕೈದು ಸೆಕೆಂಡು ಇನ್ನೂ ಮೇಲೆ ಹೋದರೆ ಸಹಿಸಿಕೊಳ್ಳುತ್ತದೆ. ಅದೇ ಬಿಸಿಯಲ್ಲಿ ಎರಡು ಮೈಲಿ ಏರು ಹತ್ತಿಸಿದರೆ ಇಲ್ಲ. 2004ರ ಮಧ್ಯದಿಂದ ಬಂದ ಪಿಸ್ಟನ್‌ಗಳ ಬಟ್ಟಲಿನ ಅಂಚು ಬಿಸಿಗೆ ಬಿರುಕು ಬಿಡುವುದು ಹೆಸರಾದ ರೋಗ. ಆ ಗಾಡಿ ಇರುವವರು ಇನ್ನೂ ಹುಷಾರಾಗಿರಿ.

## ಹಂತ 4: ಡೀಸೆಲ್ ಪೂರೈಕೆ

ಸಿಪಿ3 ಪಂಪ್ ಒತ್ತಡ ಕೊಡುತ್ತದೆ ನಿಜ. ಆದರೆ ಟ್ಯಾಂಕ್‌ನಿಂದ ಅದಕ್ಕೆ ಡೀಸೆಲ್ ತಲುಪಿಸುವುದು ಚಿಕ್ಕ ಎಲೆಕ್ಟ್ರಿಕ್ ಲಿಫ್ಟ್ ಪಂಪ್. 2003, 2004ರ ಗಾಡಿಗಳಲ್ಲಿ ಅದು ಎಂಜಿನ್ ಪಕ್ಕ ಇತ್ತು. 2005ರಿಂದ ಟ್ಯಾಂಕ್ ಒಳಗೆ ಹೋಯಿತು. ಎರಡೂ ಕಾರ್ಖಾನೆಯ ಶಕ್ತಿಗೆ ಮಾತ್ರ ಸಾಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗೇಜ್ 5 ಪಿಎಸ್‌ಐಗಿಂತ ಕೆಳಗೆ ಬಿದ್ದರೆ ಪೂರೈಕೆ ಸಾಲುತ್ತಿಲ್ಲ.

ಫಾಸ್ ಅಥವಾ ಏರ್‌ಡಾಗ್ ಥರದ, ಚಾಸಿಗೆ ಕೂರಿಸುವ ಲಿಫ್ಟ್ ಪಂಪ್ ಹಾಕಿ. ಗಂಟೆಗೆ 150 ಗ್ಯಾಲನ್ ಮಟ್ಟದ್ದು 450 ಎಚ್‌ಪಿಗೆ ಧಾರಾಳ. ಇದರ ಜೊತೆ ಬರುವ ನೀರು ಬೇರ್ಪಡಿಸುವ ಫಿಲ್ಟರ್, 2-3 ಮೈಕ್ರಾನ್ ಫಿಲ್ಟರ್ ಎರಡೂ ನಿಜವಾದ ಲಾಭ. ಇಂಜೆಕ್ಟರ್ ಸಾಯುವುದು ಹೆಚ್ಚಾಗಿ ಕೊಳೆಯಿಂದ. ಎಂಜಿನ್ ಮೇಲಿನ ಮೂಲ ಫಿಲ್ಟರ್ ಕಿತ್ತು ಹಾಕಬೇಡಿ, ಅದೂ ಇರಲಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಟ್ಯಾಂಕ್‌ನಿಂದ ಎಳೆದುಕೊಳ್ಳುವ ಪೈಪಿನದು. ಮೂಲ ಪೈಪಿಗೇ ಹೊಸ ಪಂಪ್ ಜೋಡಿಸುತ್ತಾರೆ. ಕಾಲು ಟ್ಯಾಂಕ್‌ಗೆ ಇಳಿದಾಗ, ತಿರುವಿನಲ್ಲಿ ಡೀಸೆಲ್ ಒಂದು ಬದಿಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ. ಗೇಜ್ ಮುಳ್ಳು ನಡುಗಿದರೆ ಇದೇ. ಟ್ಯಾಂಕ್ ಇಳಿಸಿ ಅಗಲ ಬಾಯಿಯ ಹೊಸ ಎಳೆಯುವ ಪೈಪ್ ಹಾಕುವುದು ಅರ್ಧ ದಿನದ ಕೆಲಸ. ಟ್ಯಾಂಕ್ ಬರಿದಾಗಿರುವಾಗ ಮಾಡಿ, ತುಂಬಿದ ಟ್ಯಾಂಕ್ ಇಳಿಸಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ.

## ಹಂತ 5: ಗೇರ್‌ಬಾಕ್ಸ್. ಅರ್ಧ ದುಡ್ಡು ಇಲ್ಲಿಗೇ

ಇಷ್ಟು ಹೊತ್ತಿಗೆ ಒಂದು ಎಚ್‌ಪಿಯೂ ಜಾಸ್ತಿಯಾಗಿಲ್ಲ ಅಂತ ಬೇಸರವಾಗುತ್ತದೆ. ಈ ಹಂತ ಮುಗಿದ ಮೇಲೂ ಆಗಿರುವುದಿಲ್ಲ. ಆದರೂ ಇದನ್ನು ಹಾರಿ ಹೋದವರೇ ಮತ್ತೆ ಕೇಳಿಕೊಂಡು ಬರುವುದು.

ಆಟೋಮ್ಯಾಟಿಕ್ ಆದರೆ ನಿಮ್ಮದು ಹೆಚ್ಚಾಗಿ 48ಆರ್‌ಇ, ನಾಲ್ಕು ಗೇರಿನದು. 2003ರ ಮೊದಮೊದಲ ಕೆಲವು ಗಾಡಿಗಳಲ್ಲಿ 47ಆರ್‌ಇ ಇದೆ. ಇದರಲ್ಲಿ ಮೊದಲು ಸೋಲುವುದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ತಿರುಗಾಟವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಒಳಗಿನ, ಎರಡನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್. ಒಂದೇ ಪ್ಲೇಟಿನ ಆ ಕ್ಲಚ್ ಕಾರ್ಖಾನೆಯ ಟಾರ್ಕ್ ಮಾತ್ರ ಹಿಡಿಯುತ್ತದೆ. ಅದು ಜಾರಿದಾಗ ಸುಟ್ಟ ಪುಡಿ ಆಯಿಲ್ ಜೊತೆ ಗೇರ್‌ಬಾಕ್ಸ್ ಪೂರ್ತಿ ಸುತ್ತುತ್ತದೆ. ಹೀಗಾಗಿ ಕನ್ವರ್ಟರ್ ಒಂದೇ ಬದಲಿಸಿ ಸುಮ್ಮನಾಗುವಂತಿಲ್ಲ.

ಜಾರುತ್ತಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಹೈವೇಯಲ್ಲಿ ಟಾಪ್ ಗೇರ್, ಕನ್ವರ್ಟರ್ ಲಾಕ್ ಆಗಿದೆ ಅಂದುಕೊಳ್ಳಿ. ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಮತ್ತು ವೇಗ ದಾಖಲಿಸುತ್ತಾ ಗೇರ್ ಇಳಿಯದಷ್ಟೇ ಆಕ್ಸಿಲರೇಟರ್ ಒತ್ತಿ. ಲಾಕ್ ಇದ್ದಾಗ ಆರ್‌ಪಿಎಂ ಏರಬೇಕಾದದ್ದು ವೇಗದ ಜೊತೆಗೇ. ವೇಗ ನಿಂತಲ್ಲೇ ನಿಂತು ಆರ್‌ಪಿಎಂ 150-200 ಏರಿದರೆ ಕ್ಲಚ್ ಜಾರಿತು. ಕಾರ್ಖಾನೆಯ ಶಕ್ತಿಯಲ್ಲೇ ಹೀಗಾದರೆ ಇನ್ನು 450ಕ್ಕೆ ಏನಾಗಬೇಡ!

ಬೇಕಾದದ್ದು ಇಷ್ಟು: ಮೂರು ಪ್ಲೇಟಿನ ಕನ್ವರ್ಟರ್, ಗಟ್ಟಿ ಉಕ್ಕಿನ ಇನ್‌ಪುಟ್ ಶಾಫ್ಟ್, ಆಯಿಲ್ ಒತ್ತಡ ಹೆಚ್ಚಿಸುವಂತೆ ತಿದ್ದಿದ ವಾಲ್ವ್ ಬಾಡಿ, ಒಳ್ಳೆಯ ಕ್ಲಚ್ ಪ್ಲೇಟ್ ಮತ್ತು ಬ್ಯಾಂಡ್, ಗಟ್ಟಿ ಫ್ಲೆಕ್ಸ್‌ಪ್ಲೇಟ್, ದೊಡ್ಡ ಕೂಲರ್. ಕೂಲರ್ ಮತ್ತು ಅದರ ಪೈಪ್‌ಗಳನ್ನು ಬದಲಿಸಿ ಅಥವಾ ಪೂರ್ತಿ ತೊಳೆಸಿ. ಹಳೇ ಪುಡಿ ಹೊಸ ಗೇರ್‌ಬಾಕ್ಸ್‌ಗೆ ಹೋಗುವುದು ಅಲ್ಲಿಂದಲೇ. 5 ಸಾವಿರ ಡಾಲರ್‌ಗಿಂತ ಕಡಿಮೆಗೆ ಇದನ್ನೆಲ್ಲ ಮಾಡಿಕೊಡುತ್ತೇನೆ ಅಂದವರನ್ನು ಯಾವ ಭಾಗ ಯಾವ ಕಂಪನಿಯದು ಅಂತ ಪಟ್ಟಿ ಬರೆದು ಕೊಡಲು ಕೇಳಿ. ಬರೆದು ಕೊಡಲ್ಲ ಅಂದರೆ ಬೇರೆ ಗ್ಯಾರೇಜ್ ನೋಡಿ.

ಕನ್ವರ್ಟರ್ ಆರಿಸುವಾಗ ನಿಮ್ಮ ಟರ್ಬೊ ಯಾವುದು ಅಂತ ಹೇಳಿ, ಅದಕ್ಕೆ ಸ್ಟಾಲ್ ಆರ್‌ಪಿಎಂ (ಗಾಡಿ ನಿಂತೇ ಇರುವಾಗ ಎಂಜಿನ್ ಏರಬಲ್ಲ ಆರ್‌ಪಿಎಂ) ಎಷ್ಟಿರಬೇಕು ಅಂತ ಕೇಳಿ. ತೀರಾ ಬಿಗಿಯಾದ ಕನ್ವರ್ಟರ್ ಜೊತೆ ದೊಡ್ಡ ಟರ್ಬೊ ಹಾಕಿದರೆ ಸಿಗ್ನಲ್‌ನಿಂದ ಹೊರಡುವಾಗ ಗಾಡಿ ಹೊಗೆ ಉಗುಳುತ್ತಾ ತೆವಳುತ್ತದೆ.

ಆಯಿಲ್ ಎಟಿಎಫ್+4 ಮಾತ್ರ. ಮಟ್ಟ ನೋಡುವುದು ಗಾಡಿ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು. ಪಾರ್ಕ್‌ನಲ್ಲಿ ಅಲ್ಲ. ಬಿಸಿ 220 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಿಲ್ಲಿಸಿ ಕಾರಣ ಹುಡುಕಿ.

ಮ್ಯಾನುಯಲ್ ಗಾಡಿ ಇದ್ದವರು ಅದೃಷ್ಟವಂತರು. ಎನ್‌ವಿ5600 ಆಗಲಿ ಜಿ56 ಆಗಲಿ, ಕ್ಲಚ್ ಬದಲಿಸಿದರೆ ಹೆಚ್ಚುಕಡಿಮೆ ಮುಗಿಯಿತು. ದಿನಾ ಟ್ರಾಫಿಕ್‌ನಲ್ಲಿ ಓಡಿಸುವವರು ಎರಡು ಪ್ಲೇಟಿನ ಆರ್ಗ್ಯಾನಿಕ್ ಕ್ಲಚ್ ಕೇಳಿ. ಸೆರಾಮಿಕ್ ಪ್ಲೇಟು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಪ್ರತಿ ಸಿಗ್ನಲ್‌ನಲ್ಲೂ ಜಗ್ಗುತ್ತದೆ. ಜಿ56ನ ಎರಡು ತುಂಡಿನ ಫ್ಲೈವೀಲ್ ತೆಗೆದು ಒಂದೇ ತುಂಡಿನದು ಹಾಕಿದಾಗ ಐಡಲ್‌ನಲ್ಲಿ ಕಟಕಟ ಸದ್ದು ಬರುತ್ತದೆ. ಅದು ರೋಗ ಅಲ್ಲ.

## ಹಂತ 6: ಗಾಳಿ

ದೊಡ್ಡ ಟರ್ಬೊ ಕೊಳ್ಳುವ ಮೊದಲು ಈಗಿರುವ ಗಾಳಿ ಎಲ್ಲಿ ಸೋರುತ್ತಿದೆ ನೋಡಿ. ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರ್‌ನಿಂದ ನಿಧಾನಕ್ಕೆ 20 ಪಿಎಸ್‌ಐ ಗಾಳಿ ತುಂಬಿ. ಸಾಬೂನು ನೀರು ಸಿಂಪಡಿಸಿ. ಇಂಟರ್‌ಕೂಲರ್ ರಬ್ಬರ್ ಬೂಟ್‌ಗಳ ಅಂಚಲ್ಲಿ ಗುಳ್ಳೆ ಏಳುವುದು ಕಾಣುತ್ತದೆ. ಮುಚ್ಚಳ ಹಾರಿ ಬರಬಹುದು, ಅದರ ಎದುರಿಗೆ ಮುಖ ಇಡಬೇಡಿ. ಹಳೇ ಬೂಟ್ ಎಸೆದು, ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವೆ ಸೇರಿದ ಧೂಳು, ಹುಳ, ಹುಲ್ಲನ್ನು ತೊಳೆಯಿರಿ. ಎಷ್ಟೋ ಜನರ "ಬಿಸಿಯಾಗುವ" ಸಮಸ್ಯೆ ಇಷ್ಟಕ್ಕೇ ಮುಗಿದಿದೆ.

2004ರ ಮಧ್ಯದ ನಂತರದ ಗಾಡಿಗಳಲ್ಲಿ ಬಂದ ಎಚ್‌ಇ351 ಟರ್ಬೊ 400ರ ಹತ್ತಿರದವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಿಂದಲೇ 450 ಹಿಂಡಲು ಹೋದರೆ ಅಂಕಿ ಸಿಗಬಹುದು, ಬಿಸಿ ತಡೆಯಲು ಆಗುವುದಿಲ್ಲ. ಕೊಲೊರಾಡೊ ಥರದ ಎತ್ತರದ ಊರಲ್ಲಿ ಗಾಳಿ ತೆಳು, ಟರ್ಬೊ ಅತಿ ವೇಗದಲ್ಲಿ ತಿರುಗಿ ಸಾಯುತ್ತದೆ. 450-500ಕ್ಕೆ 62ರಿಂದ 64 ಮಿಲಿಮೀಟರ್ ಕಂಪ್ರೆಸರ್ ಇರುವ, ಎಸ್300 ಗಾತ್ರದ ಒಂದೇ ಟರ್ಬೊ ಸರಿ. ಅದಕ್ಕಿಂತ ದೊಡ್ಡದು ಹಾಕಿದರೆ 1,800 ಆರ್‌ಪಿಎಂ ಕೆಳಗೆ ಗಾಡಿ ಸತ್ತ ಹಾಗಿರುತ್ತದೆ. ಟ್ರೇಲರ್ ಎಳೆಯುವಾಗ ನೀವು ಇರುವುದೇ ಅಲ್ಲಿ.

ಸೈಲೆನ್ಸರ್ ಪೈಪ್ 4 ಇಂಚು ಸಾಕು. 5 ಇಂಚಿನದು ನೋಟಕ್ಕೆ.

## ಹಂತ 7: ಹೆಡ್ ಸ್ಟಡ್ ಮತ್ತು ವಾಲ್ವ್ ಸ್ಪ್ರಿಂಗ್

ಬೂಸ್ಟ್ 40 ಪಿಎಸ್‌ಐ ಹತ್ತಿರ ಹೋಗುವುದಾದರೆ ಕಾರ್ಖಾನೆಯ ಹೆಡ್ ಬೋಲ್ಟ್ ನಂಬಬೇಡಿ. ಎಆರ್‌ಪಿ ಕಂಪನಿಯ ಸ್ಟಡ್ ಹಾಕಿ. ಗ್ಯಾಸ್ಕೆಟ್ ಈಗ ಸರಿಯಿದ್ದರೆ ಹೆಡ್ ಇಳಿಸದೆ, ಒಂದು ಬೋಲ್ಟ್ ತೆಗೆದು ಅಲ್ಲಿಗೆ ಒಂದು ಸ್ಟಡ್, ಆಮೇಲೆ ಇನ್ನೊಂದು, ಹೀಗೆ ಮಾಡಬಹುದು. ತಯಾರಕರು ಕೊಟ್ಟ ಎಣ್ಣೆಯನ್ನೇ ಬಳಸಿ, ಅವರು ಹೇಳಿದ ಟಾರ್ಕ್‌ಗೇ ಬಿಗಿಯಿರಿ. ಬೇರೆ ಎಣ್ಣೆ ಹಾಕಿದರೆ ಅದೇ ಟಾರ್ಕ್‌ಗೆ ಬಿಗಿತ ಬೇರೆ ಆಗುತ್ತದೆ. ಒಂದೆರಡು ಸಲ ಎಂಜಿನ್ ಬಿಸಿ ಮಾಡಿ ಆರಿಸಿದ ಮೇಲೆ ಮತ್ತೆ ಬಿಗಿತ ನೋಡಿ.

ರಾಕರ್ ಹೇಗೂ ಬಿಚ್ಚಿದೆ, ವಾಲ್ವ್ ಸ್ಪ್ರಿಂಗ್ ಕೂಡ ಅದೇ ದಿನ ಬದಲಿಸಿ. 103 ಪೌಂಡ್ ಸ್ಪ್ರಿಂಗ್ ಈ ಕೆಲಸಕ್ಕೆ ಸಾಕು. ಎಕ್ಸಾಸ್ಟ್ ಬ್ರೇಕ್ ಬಳಸುವವರಿಗಂತೂ ಬೇಕೇ ಬೇಕು. ಸ್ಪ್ರಿಂಗ್ ಬಿಚ್ಚುವಾಗ ಆ ಸಿಲಿಂಡರ್‌ನ ಪಿಸ್ಟನ್ ಮೇಲಿರಬೇಕು, ಇಲ್ಲದಿದ್ದರೆ ವಾಲ್ವ್ ಒಳಗೆ ಬೀಳುತ್ತದೆ.

## ಹಂತ 8: ಇಂಜೆಕ್ಟರ್

450ಕ್ಕೆ ದೊಡ್ಡ ನಾಸಲ್ ಬೇಕಾಗಿಲ್ಲ. "50 ಎಚ್‌ಪಿ" ಅಥವಾ "75 ಎಚ್‌ಪಿ" ಅಂತ ಮಾರುವ ಗಾತ್ರ ಸಾಕು. ಅದಕ್ಕಿಂತ ದೊಡ್ಡದು ಐಡಲ್‌ನಲ್ಲಿ ಹೊಗೆ ಬಿಡುತ್ತದೆ, ಮೈಲೇಜ್ ತಿನ್ನುತ್ತದೆ. ಕೊಳ್ಳುವಾಗ ಆರೂ ಇಂಜೆಕ್ಟರ್‌ಗಳ ಫ್ಲೋ ಹೊಂದಿಸಿದ ಟೆಸ್ಟ್ ಶೀಟ್ ಕೇಳಿ. ನಾಸಲ್ ಮಾತ್ರ ಬದಲಿಸಿ ಹಳೇ ಬಾಡಿ ಉಳಿಸುವ ಅಗ್ಗದ ದಾರಿ ಸವೆದ ಬಾಡಿಯ ಸೋರಿಕೆಯನ್ನು ಹಾಗೇ ಉಳಿಸುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ವರ್ಷ ನೋಡದೆ ಕೊಳ್ಳುವುದು. 2003ರಿಂದ 2004ರ ಮೊದಲರ್ಧದ ಇಂಜೆಕ್ಟರ್ ಸ್ಪ್ರೇ ಕೋನ 143 ಡಿಗ್ರಿ, ಆಮೇಲಿನದು 124 ಡಿಗ್ರಿ. ಪಿಸ್ಟನ್ ಬಟ್ಟಲಿನ ಆಕಾರ ಬೇರೆ ಬೇರೆ ಆದ್ದರಿಂದ ಹೀಗೆ. ಅದಲು ಬದಲಾದರೆ ಡೀಸೆಲ್ ಬಟ್ಟಲಿಗೆ ಬೀಳದೆ ಬೇರೆಡೆ ಬೀಳುತ್ತದೆ, ಪಿಸ್ಟನ್ ಸುಡುತ್ತದೆ. ನೋಡಲು ಎರಡೂ ಒಂದೇ ಥರ, ತೂತಿಗೂ ಕೂರುತ್ತವೆ.

ಕೂರಿಸುವಾಗ ಹಳೇ ತಾಮ್ರದ ವಾಷರ್ ತೂತಿನಲ್ಲೇ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎರಡು ವಾಷರ್ ಆದರೆ ಇಂಜೆಕ್ಟರ್ ಮೇಲೆ ನಿಲ್ಲುತ್ತದೆ. ಪಕ್ಕದಿಂದ ಬರುವ ಕನೆಕ್ಟರ್ ಟ್ಯೂಬ್ ಇಂಜೆಕ್ಟರ್ ಹೊಟ್ಟೆಗೆ ಸರಿಯಾಗಿ ಒತ್ತಿ ಕೂರಬೇಕು. ಇದಕ್ಕೇ ಇಂಜೆಕ್ಟರ್ ಬೋಲ್ಟ್ ಸ್ವಲ್ಪ, ಟ್ಯೂಬ್ ಸ್ವಲ್ಪ, ಮತ್ತೆ ಬೋಲ್ಟ್ ಪೂರ್ತಿ, ಕೊನೆಗೆ ಟ್ಯೂಬ್ ಪೂರ್ತಿ ಅನ್ನುವ ಕ್ರಮ ಇರುವುದು. ಅಂಕಿಗಳು ಸರ್ವಿಸ್ ಮ್ಯಾನುಯಲ್‌ನಲ್ಲಿವೆ, ಅಂದಾಜಿಗೆ ಬಿಗಿಯಬೇಡಿ. ಟ್ಯೂಬ್ ಕೂರದಿದ್ದರೆ ಅಲ್ಲೇ ಡೀಸೆಲ್ ರಿಟರ್ನ್‌ಗೆ ಸೋರಿ, ಹೊಸ ಇಂಜೆಕ್ಟರ್ ಹಾಕಿದ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಸವೆದ ಟ್ಯೂಬ್ ಮತ್ತೆ ಬಳಸಬೇಡಿ.

## ಹಂತ 9: ಈಗ ಟ್ಯೂನ್

ಎಲ್ಲರೂ ಮೊದಲು ಮಾಡುವ ಕೆಲಸ ಇದು, ಇಲ್ಲಿ ಒಂಬತ್ತನೆಯದು.

ಅಗ್ಗದ ಪ್ರೆಷರ್ ಬಾಕ್ಸ್ ಬೇಡ. ಅದು ಸೆನ್ಸರ್‌ಗೆ ಸುಳ್ಳು ಹೇಳಿ ರೈಲ್ ಒತ್ತಡ ಏರಿಸುತ್ತದೆ. ಇಂಜೆಕ್ಟರ್ ಬೇಗ ಸಾಯುತ್ತದೆ, ರೈಲ್‌ನ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಒಂದು ಬಾಕ್ಸ್ ಮೇಲೆ ಇನ್ನೊಂದು ಟ್ಯೂನರ್ ಪೇರಿಸುವುದು ಅದಕ್ಕಿಂತ ಕೆಟ್ಟದ್ದು. ಎಂಜಿನ್ ಕಂಪ್ಯೂಟರ್ ಒಳಗಿನ ಟೇಬಲ್‌ಗಳನ್ನೇ ತಿದ್ದುವ, ಸ್ಮಾರ್ಟಿ ಅಥವಾ ಇಎಫ್‌ಐಲೈವ್ ಥರದ ದಾರಿಯಲ್ಲಿ, ನಿಮ್ಮ ಟರ್ಬೊ ಮತ್ತು ಇಂಜೆಕ್ಟರ್‌ಗೆಂದೇ ಬರೆದ ಟ್ಯೂನ್ ಮಾಡಿಸಿ. ಟ್ಯೂನ್ ಬರೆಯುವವರ ಮುಂದೆ ಇಷ್ಟು ಕೇಳಿ:

1. 1,800 ಆರ್‌ಪಿಎಂ ಕೆಳಗೆ ಟಾರ್ಕ್ ಮಿತಿಯಲ್ಲಿಡಿ. ಟರ್ಬೊ ಗಾಳಿ ಕೊಡುವ ಮೊದಲೇ ಡೀಸೆಲ್ ಸುರಿದರೆ ರಾಡ್, ಗ್ಯಾಸ್ಕೆಟ್, ಗೇರ್‌ಬಾಕ್ಸ್ ಮೂರಕ್ಕೂ ಏಟು.
2. ಟೈಮಿಂಗ್, ಅಂದರೆ ಡೀಸೆಲ್ ಸಿಂಪಡಿಸುವ ಕ್ಷಣ, ವಿಪರೀತ ಮುಂದಕ್ಕೆ ಬೇಡ. ಮುಂದಕ್ಕೆ ಹೋದಷ್ಟು ಇಜಿಟಿ ಇಳಿಯುತ್ತದೆ, ನೋಡಲು ಚೆನ್ನ. ಆದರೆ ಸಿಲಿಂಡರ್ ಒತ್ತಡ ಏರಿ ಹೆಡ್ ಎತ್ತುತ್ತದೆ.
3. ರೈಲ್ ಒತ್ತಡ ಕಾರ್ಖಾನೆಯ ಮಿತಿಯ ಆಸುಪಾಸಿನಲ್ಲೇ ಇರಲಿ.
4. ಟ್ರೇಲರ್ ಎಳೆಯಲು ಕಡಿಮೆ ಶಕ್ತಿಯ ಬೇರೆ ಟ್ಯೂನ್ ಕೊಡಿ.

ನಾಲ್ಕನೆಯದು ಐಚ್ಛಿಕ ಅಲ್ಲ. 450 ಎಚ್‌ಪಿ ಖಾಲಿ ಗಾಡಿಗೆ. 10,000 ಪೌಂಡ್ ಟ್ರೇಲರ್ ಕಟ್ಟಿದಾಗ 350ರ ಟ್ಯೂನ್‌ಗೆ ಬದಲಿಸಿ.

## ಹಂತ 10: ಮೊದಲ 500 ಮೈಲಿ, ಆಮೇಲೆ ದಿನನಿತ್ಯ

ಹೊಸ ಕ್ಲಚ್ ಅಥವಾ ಗೇರ್‌ಬಾಕ್ಸ್‌ಗೆ ಮೊದಲ 500 ಮೈಲಿ ನಿಧಾನ. ಅದಾದ ಮೇಲೆ ಖಾಲಿ ರಸ್ತೆಯಲ್ಲಿ ಒಂದು ಪೂರ್ತಿ ಎಳೆತ ಮಾಡಿ ಲಾಗ್ ತೆಗೆಯಿರಿ. ಕೇಳಿದ ರೈಲ್ ಒತ್ತಡಕ್ಕೂ ಸಿಕ್ಕಿದ್ದಕ್ಕೂ 2-3 ಸಾವಿರ ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡೀಸೆಲ್ ಸಾಲುತ್ತಿಲ್ಲ. ಮೊದಲು ಫಿಲ್ಟರ್, ಆಮೇಲೆ ಲಿಫ್ಟ್ ಪಂಪ್ ಒತ್ತಡ, ಆಮೇಲೆ ಇಂಜೆಕ್ಟರ್ ರಿಟರ್ನ್, ಕೊನೆಗೆ ಸಿಪಿ3. ಈ ಕ್ರಮದಲ್ಲೇ ಹುಡುಕಿ. ನೇರವಾಗಿ ಪಂಪ್ ಕೊಳ್ಳಲು ಹೋಗಬೇಡಿ.

ಹೊಗೆ ಓದುವುದನ್ನು ಕಲಿಯಿರಿ. ಹೊರಡುವಾಗ ಒಂದು ಕ್ಷಣ ತೆಳು ಕಪ್ಪು ಬಂದು ಹೋದರೆ ಸರಿ. ನಿಲ್ಲದ ಕಪ್ಪು ಹೊಗೆ ಅಂದರೆ ಗಾಳಿ ಸೋರಿಕೆ ಅಥವಾ ಡೀಸೆಲ್ ಜಾಸ್ತಿ. ಐಡಲ್‌ನಲ್ಲಿ ಕಣ್ಣುರಿಸುವ ಬಿಳಿ ಹೊಗೆ ಇಂಜೆಕ್ಟರ್‌ನದು. ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಅಥವಾ ರಿಂಗ್ ಮೂಲಕ ಆಯಿಲ್ ಹೋಗುತ್ತಿದೆ. ಎಳೆದ ಮೇಲೆ ಕೂಲೆಂಟ್ ಹೊರಗೆ ಚಿಮ್ಮಿದ್ದರೆ, ಬೆಳಿಗ್ಗೆಯೂ ರೇಡಿಯೇಟರ್ ಪೈಪ್ ಗಟ್ಟಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್. ಹೊಸದಾಗಿ ಒಂದೇ ಸಿಲಿಂಡರ್‌ನಿಂದ ಟಕ್ ಟಕ್ ಬಡಿತ ಶುರುವಾದರೆ "ಮನೆವರೆಗೆ ಹೋಗೋಣ" ಅಂದುಕೊಳ್ಳಬೇಡಿ. ಅಲ್ಲೇ ನಿಲ್ಲಿಸಿ ಎಂಜಿನ್ ಆರಿಸಿ, ಗಾಡಿಯನ್ನು ಟೋ ಮಾಡಿಸಿ.

ಏರು ಹತ್ತಿ ಬಂದು ತಕ್ಷಣ ಕೀ ತಿರುಗಿಸಬೇಡಿ. ಇಜಿಟಿ 400 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿಯಲಿ, ಇಲ್ಲದಿದ್ದರೆ ಟರ್ಬೊ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕಟ್ಟಿಕೊಳ್ಳುತ್ತದೆ.

ಆಯಿಲ್ 5,000 ಮೈಲಿಗೊಮ್ಮೆ ಬದಲಿಸಿ, ಫಿಲ್ಟರ್ ಸೇರಿ 12 ಕ್ವಾರ್ಟ್ ಹಿಡಿಯುತ್ತದೆ. ಪ್ರತಿ ಸಲ ಒಂದು ಸಣ್ಣ ಬಾಟಲಿ ಲ್ಯಾಬ್‌ಗೆ ಕಳಿಸಿ. ಸ್ಯಾಂಪಲ್ ಹಿಡಿಯುವುದು ಡ್ರೇನ್ ಬೋಲ್ಟ್ ಬಿಚ್ಚಿ ಸ್ವಲ್ಪ ಹರಿದ ಮೇಲೆ, ಮಧ್ಯದ ಧಾರೆಯಲ್ಲಿ. ರಿಪೋರ್ಟ್‌ನಲ್ಲಿ ಮೊದಲು ನೋಡಬೇಕಾದದ್ದು ಆಯಿಲ್‌ನಲ್ಲಿ ಡೀಸೆಲ್ ಎಷ್ಟು ಬೆರೆತಿದೆ ಅನ್ನುವ ಸಾಲು. ಶೇ 2 ದಾಟಿದ್ದರೆ ಇಂಜೆಕ್ಟರ್ ಪರೀಕ್ಷೆ ಮಾಡಿಸುವವರೆಗೆ ಟ್ಯೂನ್ ತೆಗೆದು ಕಾರ್ಖಾನೆಯ ಪ್ರೋಗ್ರಾಂ ಹಾಕಿ ಓಡಿಸಿ.